ಹಿತ್ತಲ ಕಡೆಯ ಅಡುಗೆಮನೆ

ಹಾರನಹಳ್ಳಿಯಿಂದ ಫೋನು ಬಂದಾಗ ಮಧುಕುಮಾರ್ ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯ ತನ್ನ ಪುಟ್ಟ ಆಫೀಸಿನಲ್ಲಿ ಯಾರದೋ ಮನೆಯ ಮೆಟ್ಟಿಲಿನ ನಕ್ಷೆ ತಿದ್ದುತ್ತ ಕೂತಿದ್ದ. ಫೋನು ತಂಗಿ ಲತಾಮಣಿಯದು, ಮಾತಾಡಿದ್ದು ಮಾತ್ರ ಅವಳ ಅತ್ತೆ ಚಲುವಮ್ಮ.

"ಮಧು, ನಮ್ಮ ಅಡುಗೆಮನೆ ಒಡೆದು ಸರಿ ಮಾಡಿಸಾಣ ಅಂತ ಅಂದ್ಕಂಡಿದೀವಿ ಕಣಪ್ಪ. ಮನೇಲೇ ಇಂಜಿನಿಯರ್ ಇಟ್ಕಂಡು ಹೊರಗಿನೋರ್ನ ಕರೆಸೋದು ಚೆಂದವಾ? ಭಾನುವಾರ ಬಂದು ಅಳತೆ ತಗಂಡು ಹೋಗು. ಊಟಾನೂ ಇಲ್ಲೇ ಮಾಡೀಯಂತೆ."

ಮನೆಯವನು ಅನ್ನಿಸಿಕೊಂಡದ್ದಕ್ಕೆ ಮಧುಕುಮಾರನಿಗೆ ಆ ದಿನವೆಲ್ಲ ಹಿತವಾಗಿತ್ತು. ಅವನು ಓದಿದ್ದು ಡಿಪ್ಲೊಮಾ. ಜನ ಇಂಜಿನಿಯರ್ ಅಂತಲೇ ಕರೆಯುತ್ತಿದ್ದರು, ಅವನೂ ತಿದ್ದುವುದನ್ನು ಬಿಟ್ಟಿದ್ದ. ಹಳೆಯ ಮನೆಗಳಿಗೆ ಗಾಳಿ ಬೆಳಕು ತರುವುದರಲ್ಲಿ ಒಳ್ಳೆಯ ಕೈ ಎಂದು ಅರಸೀಕೆರೆಯಲ್ಲಿ ಅವನಿಗೆ ಹೆಸರಿತ್ತು.

ಲತಾಮಣಿ ಆ ಮನೆಗೆ ಸೊಸೆಯಾಗಿ ಹೋದದ್ದು ಸುಮ್ಮನೆ ಆದ ಮಾತಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು. ಚಲುವಮ್ಮನ ಗಂಡ ಉಗ್ರಪ್ಪ ತೆಂಗಿನ ತೋಟದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾಗ ಅವರನ್ನು ನೋಡಿಕೊಂಡವಳು ಇವಳೇ. ದಿನಾ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದ ದೊಡ್ಡ ಮಗ ಇಂದುಧರ, ಅಪ್ಪ ಡಿಸ್ಚಾರ್ಜ್ ಆದಮೇಲೂ ಬರುವುದನ್ನು ನಿಲ್ಲಿಸಲಿಲ್ಲ. ಅವರದು ಊರ ನಡುವಿನ ಮನೆ, ತೋಟ ಗದ್ದೆ ಇದ್ದವರು. ಇವರ ಅಪ್ಪ ಗಿಡ್ಡಪ್ಪ ಹುಟ್ಟಿದ್ದು ಇನ್ನೊಂದು ಹಳ್ಳಿಯ ಊರಾಚೆಯ ಕೇರಿಯಲ್ಲಿ. ರೈಲ್ವೆಯಲ್ಲಿ ಕೆಲಸ ಸಿಕ್ಕಿ ಅರಸೀಕೆರೆಗೆ ಬಂದು, ಮಕ್ಕಳನ್ನು ಓದಿಸಿ, ಬೌದ್ಧರಾಗಿ, ಮನೆಯ ಗೋಡೆಗೆ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ಅಕ್ಕಪಕ್ಕ ಹಾಕಿಕೊಂಡವರು. ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಯಿತು. ಹಾರನಹಳ್ಳಿಯಿಂದ ಒಬ್ಬರೂ ಬರಲಿಲ್ಲ. ಆದರೆ ಮುಂದಿನ ವರ್ಷ ಉಗ್ರಪ್ಪ ತೀರಿಕೊಂಡಾಗ ಚಲುವಮ್ಮ ತಾನಾಗಿಯೇ ಮಗ ಸೊಸೆ ಬಾಡಿಗೆಗಿದ್ದ ಮನೆಗೆ ಬಂದು, "ನಡಿಯವ್ವ, ನಿನ್ನ ಮನೆ ಅಲ್ಲೈತೆ" ಎಂದು ಲತಾಮಣಿಯ ಕೈ ಹಿಡಿದು ಕರೆದುಕೊಂಡು ಹೋಗಿದ್ದರು. ಆವತ್ತು ಗಿಡ್ಡಪ್ಪ ಅತ್ತಿದ್ದರು. ಚಲುವಮ್ಮನಂಥ ಹೆಂಗಸು ತಾಲ್ಲೂಕಿನಲ್ಲೇ ಇಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಸಂಜೆ ವಿಷಯ ತಿಳಿದು ಗಿಡ್ಡಪ್ಪ ಕೈಲಿದ್ದ ಪೇಪರು ಮಡಚಿಟ್ಟರು.

"ಅಡುಗೆಮನೆ ಅಳತೆ ಅಂದ್ರೆ, ಒಳಗೇ ಹೋಗ್ಬೇಕಲ್ಲ?"

"ಒಳಗೆ ಹೋಗ್ದೆ ಹೆಂಗೆ ಅಪ್ಪ ಅಳೆಯೋದು?"

"ಅದೇ ಮತ್ತೆ," ಎಂದು ಗಿಡ್ಡಪ್ಪ ಹೆಂಡತಿಯ ಕಡೆ ತಿರುಗಿದರು. "ಕೇಳ್ದೇನೇ ಮುದ್ದಮ್ಮ? ಒಳಗೇ ಕರ್ದವ್ರೆ."

ಮುದ್ದಮ್ಮ ಭಾನುವಾರಕ್ಕೆಂದು ಮಗನ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಳು. ಬೀಗರ ಮನೆಗೆ ಅವರೆಲ್ಲ ಎಷ್ಟೋ ಸಲ ಹೋಗಿಬಂದಿದ್ದರು. ನಡುಮನೆಯ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಮೊಮ್ಮಗಳನ್ನು ಆಡಿಸಿ ಬರುವುದು. ನೆಂಟರ ಮನೆಯ ಅಡುಗೆಮನೆಗೆ ಯಾರಾದರೂ ಯಾಕೆ ಹೋಗುತ್ತಾರೆ? ಮಧುಕುಮಾರ್ ಅದರ ಬಗ್ಗೆ ಎಂದೂ ಯೋಚಿಸಿರಲಿಲ್ಲ. ಅಪ್ಪನ ಮುಖ ನೋಡಿದಮೇಲೆ, ಅಪ್ಪ ಮಾತ್ರ ಪ್ರತಿ ಸಲವೂ ಯೋಚಿಸಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಭಾನುವಾರ ಹೋದಾಗ ಲತಾಮಣಿ ಇರಲಿಲ್ಲ, ಅವಳಿಗೆ ಡ್ಯೂಟಿ. ಇಂದುಧರ ಕೊಬ್ಬರಿ ತುಂಬಿಸಲು ತೋಟಕ್ಕೆ ಹೋಗಿದ್ದ. ಚಲುವಮ್ಮ ಅಡುಗೆಮನೆಯನ್ನು ಪೂರ್ತಿ ಖಾಲಿ ಮಾಡಿಸಿದ್ದರು. ಒಂದು ಲೋಟವೂ ಇರಲಿಲ್ಲ. ದೇವರ ಗೂಡಿಗೆ ಬಟ್ಟೆ ಇಳಿಬಿಟ್ಟಿತ್ತು.

"ಅಳತೆಗೆ ಅಡ್ಡ ಆಗ್ಬಾರ್ದು ಅಂತ ಎಲ್ಲಾ ತೆಗೆಸಿವ್ನಿ ಕಣಪ್ಪ," ಎಂದರು.

ಎಂಥ ಅಚ್ಚುಕಟ್ಟಿನ ಹೆಂಗಸು ಎಂದುಕೊಂಡ ಮಧುಕುಮಾರ್. ಟೇಪಿನ ತುದಿ ಹಿಡಿಯಲು ಇಂದುಧರನ ತಮ್ಮನ ಹೆಂಡತಿ ಹೇಮಾಶ್ರೀ ಬಂದಳು. ಅವಳು ಅರಸೀಕೆರೆಯ ಒಂದು ಶಾಲೆಯಲ್ಲಿ ಟೀಚರ್. ಅಡುಗೆಮನೆ ಹಗಲಲ್ಲೂ ಕತ್ತಲು. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಹೊಗೆ ಹಿಡಿದು ಕರಿಯಾದ ಜಂತೆ, ಹೆಂಚಿನ ಸಂದಿಯಲ್ಲಿ ಕೂರಿಸಿದ್ದ ಒಂದು ಗಾಜಿನಿಂದ ಬೀಳುವಷ್ಟೇ ಬೆಳಕು. ನೀರು ಬೇಕೆಂದರೆ ಬಚ್ಚಲಿಗೆ ಹೋಗಬೇಕು. ಪಕ್ಕದಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದ ಕೋಣೆ, ಈಗ ಹಳೇ ಸಾಮಾನಿನ ರಾಶಿ.

"ಬೆಳಗ್ಗೆ ಹೊತ್ತು ಈ ಮನೇಲಿ ಯುದ್ಧ ಕಣಪ್ಪ," ಎಂದರು ಚಲುವಮ್ಮ ಬಾಗಿಲಲ್ಲಿ ನಿಂತು. "ಹೇಮನ ಸ್ಕೂಲು, ಲತಂದು ಆಸ್ಪತ್ರೆ, ಮಕ್ಕಳ ಡಬ್ಬಿ, ತೋಟದಾಳುಗಳಿಗೆ ಮುದ್ದೆ. ಒಬ್ರ ಕಾಲಿಗೆ ಒಬ್ರು ಸಿಕ್ಕಾಕ್ಕತಾರೆ. ನೀನು ಏನಾರ ಮಾಡಿ ಅನುಕೂಲ ಮಾಡ್ಕೊಡು."

ಊಟ ನಡುಮನೆಯಲ್ಲಿ ಆಯಿತು. ಹೇಮಾಶ್ರೀ ಬಾಳೆಲೆ ಹಾಕಿ ಬಡಿಸಿದಳು. ಚಲುವಮ್ಮ ಎದುರಿಗೇ ಕೂತು ಬಲವಂತ ಮಾಡಿದರು. "ಲತನ ಕೈಗುಣಾನೇ ಬೇರೆ ಕಣಪ್ಪ. ದಿನಾ ಬೆಳಗ್ಗೆ ನಂಗೆ ಸಕ್ಕರೆ ಕಾಯಿಲೆ ಇಂಜಕ್ಷನ್ ಕೊಡ್ತಾಳೆ. ಚುಚ್ಚಿದ್ದೇ ತಿಳಿಯಾಕಿಲ್ಲ."

ಮಧುಕುಮಾರ್ ಆ ವಾರ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟ. ನಕ್ಷೆಯಲ್ಲಿ ರಾಗಿ ಕೋಣೆಯ ಗೋಡೆ ತೆಗೆದು ಎರಡನ್ನೂ ಸೇರಿಸಿದ. ಪೂರ್ವಕ್ಕೆ ಅಗಲವಾದ ಕಿಟಕಿ ಇಟ್ಟ. ಕಿಟಕಿಯ ಉದ್ದಕ್ಕೂ ಒಂದೇ ಕಟ್ಟೆ, ಅದರ ಈ ತುದಿಗೊಂದು ಒಲೆ, ಆ ತುದಿಗೊಂದು ಒಲೆ, ನಡುವೆ ಸಿಂಕು. ಒಬ್ಬಳು ಚಪಾತಿ ಬೇಯಿಸುವಾಗ ಇನ್ನೊಬ್ಬಳು ಪಕ್ಕದಲ್ಲೇ ನಿಂತು ಪಲ್ಯಕ್ಕೆ ಒಗ್ಗರಣೆ ಹಾಕಬಹುದು, ಕೈಗೆ ಕೈ ತಾಗುವುದಿಲ್ಲ. ಮೂಲೆಯಲ್ಲಿ ಚಲುವಮ್ಮ ಕೂತು ತರಕಾರಿ ಹೆಚ್ಚಲು ಒಂದು ಚಿಕ್ಕ ಜಗಲಿಯನ್ನೂ ಬರೆದ. ದೇವರ ಗೂಡಿಗೆ ಮಾತ್ರ ಕೈ ಹಚ್ಚಲಿಲ್ಲ, ಇದ್ದಲ್ಲೇ ಬಿಟ್ಟ. ಬರೆದು ಮುಗಿಸಿದಾಗ ಆ ಕಟ್ಟೆಯ ಮುಂದೆ ತಂಗಿ ಮತ್ತು ಹೇಮಾಶ್ರೀ ಅಕ್ಕಪಕ್ಕ ನಿಂತು ಮಾತಾಡುತ್ತಿರುವುದು ಅವನ ಕಣ್ಣಿಗೆ ಕಟ್ಟಿತು.

ನಕ್ಷೆ ಹಿಡಿದು ಹೋದಾಗ ಎಲ್ಲರೂ ಮನೆಯಲ್ಲಿದ್ದರು. ನಡುಮನೆಯ ಟೀಪಾಯಿಯ ಮೇಲೆ ಹಾಳೆ ಹರಡಿ ಬೆರಳಿಟ್ಟು ತೋರಿಸಿದ. ಹೇಮಾಶ್ರೀ ಬಗ್ಗಿ ನೋಡಿ, "ಎಷ್ಟು ಚೆನ್ನಾಗಿದೆ ಅಲ್ವಾ ಅಕ್ಕ?" ಎಂದಳು. ಲತಾಮಣಿ ನಕ್ಕಳಷ್ಟೇ. ಇಂದುಧರ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದ.

ಚಲುವಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗೈತೆ ಕಣಪ್ಪ. ಕಿಟಕಿ ಚೆನ್ನಾಗೈತೆ. ಆದ್ರೆ ಎರಡು ಒಲೇನೂ ಒಂದೇ ಕಡೆ ಆಯ್ತಲ್ಲ."

"ಇಬ್ರೂ ಒಟ್ಟಿಗೆ ಕೆಲ್ಸ ಮಾಡ್ಲಿ ಅಂತ ಅಮ್ಮ."

"ಅದು ಬ್ಯಾಡ. ಒಂದು ಒಲೆ ಒಳಗಿರ್ಲಿ. ಇನ್ನೊಂದು ಹಿತ್ತಲ ಕಡೆ ಐತಲ್ಲ ಜಾಗ, ಅಲ್ಲಿಗೆ ಹಾಕು. ಅದಕ್ಕೂ ಕಟ್ಟೆ, ಸಿಂಕು ಎಲ್ಲಾ ಮಾಡ್ಸಾಣ. ದುಡ್ಡಿನ ಮಖ ನೋಡಾದು ಬ್ಯಾಡ."

"ನಡುವೆ ಒಂದು ಬಾಗ್ಲು ಇಟ್ರೆ..."

"ಬಾಗ್ಲು ಯಾಕೆ? ಈಗಿರೋ ಹಿತ್ತಲ ಬಾಗ್ಲನ್ನೂ ಮುಚ್ಚಿ ಗೋಡೆ ಮಾಡ್ಬಿಡು. ನೀರಿನ ಪೈಪೂ ಬ್ಯಾರೆ ಬ್ಯಾರೆ ಎಳಿ. ಆಮ್ಯಾಕೆ ಕೆಟ್ರೆ ರಗಳೆ."

ವಾಸ್ತು ಏನೋ ಇರಬೇಕು ಎಂದುಕೊಂಡ. ಜನ ಏನೇನೋ ಕೇಳುತ್ತಾರೆ, ಅವನಿಗೆ ಅಭ್ಯಾಸವಾಗಿತ್ತು. ಟೇಪು ತೆಗೆದುಕೊಂಡು ಹಿತ್ತಲಿಗೆ ಹೊರಟ. "ನಾನು ಹಿಡ್ಕೊತೀನಿ ಬಾ ಅಣ್ಣ," ಎಂದು ಲತಾಮಣಿ ಹಿಂದೆಯೇ ಬಂದಳು. ಮನೆಯೊಳಗಿಂದ ಹಿತ್ತಲಿಗೆ ದಾರಿ ಅಡುಗೆಮನೆಯ ಮೂಲಕವೇ ಇತ್ತು. ಅವನು ಅತ್ತ ಕಾಲಿಡುವಷ್ಟರಲ್ಲಿ ಲತಾಮಣಿ ಆಗಲೇ ಮುಂಬಾಗಿಲಿಂದ ಇಳಿದು, ಮನೆಯನ್ನು ಸುತ್ತುಹಾಕಿ ನಡೆಯತೊಡಗಿದ್ದಳು. ಅವನೂ ಸುತ್ತಿಕೊಂಡೇ ಹೋದ.

ಹಿತ್ತಲಲ್ಲಿ ಗೋಡೆಗೆ ಒರಗಿಸಿ ಇಳಿಸಿದ್ದ ತಗಡಿನ ಶೀಟು. ಅದರ ಕೆಳಗೆ ಒಂದು ಹಳೇ ಮೇಜು, ಮೇಜಿನ ಮೇಲೆ ಗ್ಯಾಸ್ ಒಲೆ. ಗಾಳಿ ತಡೆಯಲು ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿ ನಿಲ್ಲಿಸಿತ್ತು. ಕಲ್ಲಿನ ಮೇಲೆ ಪಾತ್ರೆಗಳನ್ನು ಬೋರಲು ಹಾಕಿತ್ತು. ಮಧುಕುಮಾರ್ ಟೇಪಿನ ತುದಿ ಅವಳ ಕೈಗೆ ಕೊಡಲು ಹೋಗಿ ನಿಂತ. ಬೋರಲು ಹಾಕಿದ್ದ ಒಂದು ಡಬರಿಯ ತಳದಲ್ಲಿ "ಗಿಡ್ಡಪ್ಪ ಮುದ್ದಮ್ಮ" ಎಂದು ಕೊರೆದಿತ್ತು. ಪಕ್ಕದ ತಟ್ಟೆಯ ಮೇಲೂ ಅದೇ. ಕೊಳದಪ್ಪಲೆಯ ಮೇಲೂ ಅದೇ. ಅವ್ವ ಮಗಳಿಗೆಂದು ಒಂದೊಂದಾಗಿ ಕೊಂಡು ಹೆಸರು ಹಾಕಿಸಿ ಕಳಿಸಿದ್ದ ಪಾತ್ರೆಗಳೆಲ್ಲ ಅಲ್ಲೇ, ಬಿಸಿಲಿಗೆ ಬಿದ್ದಿದ್ದವು.

"ಇದೇನೇ ಲತಾ?"

"ನನ್ನ ಅಡುಗೆಮನೆ."

ಅವಳು ತಮಾಷೆ ಮಾಡಿದಂತೆ ಹೇಳಿದಳು. ಅವನ ಮುಖ ನೋಡಿ ದನಿ ತಗ್ಗಿಸಿದಳು.

"ಬಂದಾಗಿಂದ ಹಿಂಗೇ ಅಣ್ಣ. ಒಳಗಿನ ಒಲೆ ಹತ್ರ ನಾನು ಹೋಗಲ್ಲ. ಹೋಗ್ಬೇಡ ಅಂತ ಯಾರೂ ಬಾಯ್ಬಿಟ್ಟು ಹೇಳಿಲ್ಲ. ಮೊದಲ್ನೇ ದಿನ ಕಾಫಿ ಕಾಯ್ಸೋಣ ಅಂತ ಹೊಸಿಲು ದಾಟ್ದೆ. ಅಮ್ಮ ಒಂದು ಮಾತು ಆಡ್ಲಿಲ್ಲ. ಆವತ್ತು ಇಡೀ ದಿನ ಊಟ ಮಾಡ್ಲಿಲ್ಲ. ನಂಗೆ ಗೊತ್ತಾಯ್ತು."

"ಬಾವ ಏನಂತಾರೆ?"

"ಅವ್ರು ಎರಡೂ ಕಡೆ ಉಣ್ತಾರೆ. ಪುಟ್ಟಿ ಅಜ್ಜಿ ಕೈಲೇ ಉಣ್ಣೋದು."

"ನಾವು ಬಂದಾಗ ಕುಡಿಯೋ ಕಾಫಿ?"

"ಇಲ್ಲೇ ಕಾಯ್ಸಿ ತರ್ತೀನಿ."

ಅವನ ಕೈಲಿದ್ದ ಟೇಪು ಸರ್ರನೆ ಒಳಕ್ಕೆ ಹೋಗಿ ಬೆರಳಿಗೆ ಬಡಿಯಿತು. ಈಗಲೇ ಒಳಗೆ ಹೋಗಿ ನಾಲ್ಕು ಮಾತು ಕೇಳಬೇಕು ಎಂದು ತಿರುಗಿದ. ಲತಾಮಣಿ ಅವನ ತೋಳು ಹಿಡಿದುಕೊಂಡಳು.

"ನೀನು ಕೂಗಾಡಿ ಹೋಗ್ತೀಯ. ಸಾಯಂಕಾಲ ಈ ಮನೇಲಿ ಇರೋಳು ನಾನು."

"ಅರಸೀಕೆರೇಲಿ ಮನೆ ಮಾಡು. ಇವತ್ತೇ ನಡಿ."

"ಅವ್ರು ತೋಟ ಬಿಟ್ಟು ಬರಲ್ಲ. ನಾನು ನೈಟ್ ಡ್ಯೂಟಿಗೆ ಹೋದಾಗ ಪುಟ್ಟೀನ ಮಲಗ್ಸೋದು ಅಮ್ಮ. ಹೋದ ತಿಂಗಳು ಅವಳಿಗೆ ಜ್ವರ ಬಂತಲ್ಲ, ಅಷ್ಟು ದಿನವೂ ತೊಡೆ ಮೇಲಿಂದ ಇಳಿಸ್ಲಿಲ್ಲ. ನಂಗೆ ಸೀರೆ ತಂದ್ರೆ ಹೇಮಂಗಿಂತ ಒಳ್ಳೇದೇ ತರ್ತಾರೆ. ಅಡುಗೆಮನೆ ಒಂದು ಬಿಟ್ರೆ ಈ ಮನೇಲಿ ನಂಗೇನೂ ಕೊರತೆ ಇಲ್ಲ ಅಣ್ಣ."

"ನಾನು ಈ ನಕ್ಷೆ ಬರ್ಯಲ್ಲ."

ಲತಾಮಣಿ ಒಲೆಯ ಮುಂದಿನ ರಟ್ಟನ್ನು ಸರಿ ಮಾಡಿ ನಿಲ್ಲಿಸಿದಳು. "ಮಳೆ ಬಂದ್ರೆ ಇಲ್ಲಿ ಒಗ್ಗರಣೆಗೆ ನೀರು ಬೀಳತ್ತೆ. ಬೆಳಗ್ಗೆ ಬಸ್ಸಿಗೆ ಹೊತ್ತಾಗಿರತ್ತೆ, ಗಾಳಿಗೆ ಒಲೆ ಹತ್ಕೊಳ್ಳಲ್ಲ. ನಂಗೆ ಒಂದು ಗೋಡೆ ಬೇಕು, ಸೂರು ಬೇಕು, ನೀರು ಬೇಕು. ನೀನು ಬರೀದಿದ್ರೆ ಬೇರೆ ಯಾರೋ ಬರೀತಾರೆ. ಅವ್ರು ನನ್ನ ಮುಖ ನೋಡಿ ಬರೀತಾರಾ?"

ಅವಳು ಟೇಪಿನ ತುದಿ ಎಳೆದುಕೊಂಡು ಗೋಡೆಯ ಮೂಲೆಗೆ ಹೋಗಿ ನಿಂತಳು. ಅವನು ಅಳತೆ ಬರೆದುಕೊಂಡ.

ಮಾರನೆಯ ದಿನ ಇಂದುಧರನನ್ನು ಹುಡುಕಿಕೊಂಡು ಕೊಬ್ಬರಿ ಮಂಡಿಗೆ ಹೋದ. ಚೀಲಗಳ ನಡುವೆ ಇಂದುಧರ ತೂಕ ಹಾಕಿಸುತ್ತಿದ್ದ. ಬಾವಮೈದುನನ ಮುಖ ನೋಡಿದವನೇ ಆಳಿಗೆ ಏನೋ ಹೇಳಿ, ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋದ.

"ಲತಾ ಹೇಳಿದ್ಲು," ಎಂದ ತಾನೇ. "ನಾನೂ ಜಗಳ ಆಡಿದೀನಿ ಬಾವ. ಆಡಿಲ್ಲ ಅಂತ ಅಂದ್ಕೋಬೇಡಿ. ಒಂದ್ಸಲ ಎರಡು ದಿನ ಮನೆ ಬಿಟ್ಟು ಹೋಗಿದ್ದೆ. ಅವ್ವ ಅಳ್ತಾ ಕೂತ್ಬಿಟ್ರು. ಸಕ್ಕರೆ ಏರಿ ಆಸ್ಪತ್ರೆಗೆ ಸೇರಿಸ್ಬೇಕಾಯ್ತು. ಅಲ್ಲೂ ನೋಡ್ಕೊಂಡೋಳು ಇವಳೇ."

"ಅವಳ ಕೈಲಿ ಚುಚ್ಚಿಸ್ಕೋಬಹುದು, ಒಂದು ಲೋಟ ನೀರು ಕುಡಿಯೋಕಾಗಲ್ವಾ?"

ಇಂದುಧರ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದ. ಊರ ಪಂಚಾಯ್ತಿಯನ್ನು ಎದುರು ಹಾಕಿಕೊಂಡು ಮದುವೆಯಾದ ಗಂಡಸು. ಆವತ್ತು ರಿಜಿಸ್ಟ್ರಾರ್ ಆಫೀಸಿನ ಮುಂದೆ ಒಬ್ಬನೇ ನಿಂತಿದ್ದಾಗ ಅವನ ಮೇಲೆ ಮಧುಕುಮಾರನಿಗೆ ಎಷ್ಟು ಗೌರವ ಬಂದಿತ್ತು. ಈಗ ಬೈಯಬೇಕೆಂದು ಬಂದವನಿಗೆ ಆ ಬಗ್ಗಿದ ತಲೆಯನ್ನು ಬೈಯುವುದಾಗಲಿಲ್ಲ.

"ಅವ್ವ ಇರೋವರ್ಗೂ ಅಷ್ಟೇ ಬಾವ," ಎಂದ ಇಂದುಧರ. ಅಂದಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಬೆಚ್ಚಿ, ಟೀ ಮುಗಿಸದೆ ಎದ್ದ.

ಮಧುಕುಮಾರ್ ಕೊನೆಗೆ ಚಲುವಮ್ಮನನ್ನೇ ಕೇಳಿದ. ಎರಡನೆಯ ನಕ್ಷೆಯ ಕಚ್ಚಾ ಪ್ರತಿ ತೋರಿಸುವ ನೆಪದಲ್ಲಿ ಹೋಗಿ, ಅವರೊಬ್ಬರೇ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಾಗ, "ಅಮ್ಮ, ಒಂದು ಬಾಗಿಲಾದ್ರೂ ಇಡೋಣ. ಪುಟ್ಟಿ ಅವಳಮ್ಮನ ಹತ್ರ ಹೋಗ್ಬೇಕು ಅಂದ್ರೆ ಮನೇನೆಲ್ಲ ಸುತ್ತಿ ಹೋಗ್ಬೇಕು," ಎಂದ.

ಚಲುವಮ್ಮನ ಕೈ ನಿಂತಿತು. ಇವನಿಗೆ ಎಲ್ಲ ಗೊತ್ತಾಗಿದೆ ಎಂದು ಅವರಿಗೂ ತಿಳಿಯಿತು.

"ನಿನ್ನ ತಂಗಿ ಮ್ಯಾಲೆ ನಂಗೇನೂ ಇಲ್ಲ ಕಣಪ್ಪ," ಎಂದರು. "ಅವಳಂಥ ಮಗಳು ನನ್ನ ಹೊಟ್ಟೇಲೂ ಹುಟ್ಟಲಿಲ್ಲ. ಆದ್ರೆ ಒಳಗೆ ದೇವ್ರ ಗೂಡೈತೆ. ನಮ್ಮತ್ತೆ, ಅವರತ್ತೆ ಕಾಲದಿಂದ ಹಚ್ಚಿರೋ ಒಲೆ. ಎಷ್ಟೋ ದಿನ ಅಂದ್ಕಂಡೆ, ಇವತ್ತು ಅವಳ್ನ ಒಳಕ್ಕೆ ಕರೀಬೇಕು ಅಂತ. ಬಾಯಿ ತೆರೀತೀನಿ, ಮಾತು ಬರಾಕಿಲ್ಲ. ನನ್ನ ಕೈಲಿ ಆಗಾಕಿಲ್ಲ ಮಗಾ. ತಗಡಿನ ಕೆಳಗೆ ಅವಳು ನೆನೀತಾ ನಿಂತ್ರೆ ನಂಗೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಅವಳಿಗೂ ಒಂದು ಚೆಂದಾಗಿ ಆಗ್ಲಿ ಅಂತ ನಿನ್ನೇ ಕರೆಸಿದ್ದು."

ಸೆರಗಿನಿಂದ ಕಣ್ಣೊರೆಸಿಕೊಂಡರು. ಮಧುಕುಮಾರ್ ತನಗೆ ಸಿಟ್ಟು ಬರಲಿ ಎಂದು ಕಾದ. ಬಂತು, ಆದರೆ ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅಳುತ್ತಿರುವ ಮುದುಕಿಯ ಮುಂದೆ ಅಪರಾಧಿಯಂತೆ ಕೂತಿದ್ದವನು ತಾನೇ.

"ಬಾಗಿಲು ಬೇಕು ಅಂದ್ರೆ ಇಡು," ಎಂದರು ಚಲುವಮ್ಮ ಕಡೆಗೆ. "ನಮ್ಮ ಕಡೆಯಿಂದ ಚಿಲಕ ಇರ್ಲಿ."

ಅಷ್ಟನ್ನಾದರೂ ಗೆದ್ದೆ ಎಂದುಕೊಂಡು ಅವನು ಡ್ಯೂಟಿ ಮುಗಿಸಿ ಬಂದ ತಂಗಿಯನ್ನು ಬಸ್ಸಿನ ಹತ್ತಿರವೇ ಕಂಡು ಹೇಳಿದ. ಲತಾಮಣಿ ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡಳು.

"ಬೇಡ ಅಣ್ಣ."

"ಯಾಕೆ? ಇವತ್ತು ಚಿಲಕ ಹಾಕಿದ್ರೂ ಯಾವತ್ತೋ ಒಂದಿನ ತೆಗೀತಾರೆ."

"ತೆಗೆಯೋವರ್ಗೂ ದಿನಾ ಅದನ್ನ ಹಾಕೋ ಸದ್ದು ನಾನು ಕೇಳ್ಬೇಕಲ್ಲ. ಗೋಡೆ ಆದ್ರೆ ಸುಮ್ನೆ ಗೋಡೆ. ಗೋಡೆ ಬರಿ."

ಅವನು ಗೋಡೆ ಬರೆದ.

ಮನೆಯಲ್ಲಿ ಗಿಡ್ಡಪ್ಪ ದಿನಾ ಕೇಳುತ್ತಿದ್ದರು. ಕಿಟಕಿ ಎಷ್ಟಗಲ ಇಟ್ಟೆ, ಗ್ರಾನೈಟು ಯಾವ ಬಣ್ಣ, ಒಳಗೆ ಎತ್ತರ ಎಷ್ಟಿದೆ. ಮಧುಕುಮಾರ್ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಒಂದೂ ಸುಳ್ಳಲ್ಲ. ಆದರೆ ಅಪ್ಪ ಕೇಳುತ್ತಿದ್ದದ್ದು ಒಂದು ಅಡುಗೆಮನೆಯ ಬಗ್ಗೆ, ಇವನು ಹೇಳುತ್ತಿದ್ದದ್ದು ಇನ್ನೊಂದರ ಬಗ್ಗೆ. ಒಂದು ಸಂಜೆ ಗಿಡ್ಡಪ್ಪ ಪಾರ್ಕಿನಲ್ಲಿ ತಮ್ಮ ಜೊತೆ ರಿಟೈರಾದ ಜವರಪ್ಪನಿಗೆ, "ನನ್ನ ಮಗ ಅವರ ಒಲೆ ಎಲ್ಲಿರಬೇಕು ಅಂತ ಹೇಳ್ತವ್ನೆ ಕಣಯ್ಯ," ಎನ್ನುವುದನ್ನು ಕೇಳಿಸಿಕೊಂಡು, ಹತ್ತಿರ ಹೋಗದೆ ಅಲ್ಲಿಂದಲೇ ವಾಪಸು ಬಂದುಬಿಟ್ಟ.

ಕೆಲಸ ಶುರುವಾದಮೇಲೆ ಅವನು ಹೆಚ್ಚು ಹೊತ್ತು ಹಿತ್ತಲ ಕಡೆಯೇ ಕಳೆದ. ಒಳಗಿನ ಅಡುಗೆಮನೆಗೆ ಕಿಟಕಿ, ಸಿಂಕು, ಕಟ್ಟೆ ಎಲ್ಲ ನಕ್ಷೆಯಂತೆ ಆಯಿತು. ಹಿತ್ತಲಿನದಕ್ಕೆ ಮಾತ್ರ ನಕ್ಷೆಯಲ್ಲಿಲ್ಲದ್ದನ್ನೂ ಸೇರಿಸುತ್ತ ಹೋದ. ಎರಡು ದಿಕ್ಕಿಗೆ ಕಿಟಕಿ ಇಟ್ಟ. ಮಸಾಲೆ ಡಬ್ಬಿಗೆ ಕೈಗೆಟಕುವ ಗೂಡು ತೆಗೆಸಿದ. ಬೆಳಗಿನ ಗಡಿಬಿಡಿಯಲ್ಲಿ ನಿಂತೇ ತಿಂಡಿ ತಿನ್ನಲು ಗೋಡೆಗೊಂದು ಹಲಗೆ ಕೂರಿಸಿದ. ಹೊಗೆ ಹೋಗಲು ಫ್ಯಾನು ಹಾಕಿಸಿದ. ಗಾರೆ ಕೆಲಸದವರು, "ಒಳಗಿನದಕ್ಕಿಂತ ಇದೇ ಜೋರಾಯ್ತಲ್ಲ ಸಾರ್," ಎಂದು ನಕ್ಕರು. ಅವನು ನಗಲಿಲ್ಲ. ಒಂದೊಂದು ಅನುಕೂಲ ಸೇರಿಸಿದಾಗಲೂ ತಂಗಿ ಇಲ್ಲಿಂದ ಹೊರಬರಲು ಇದ್ದ ಒಂದೊಂದು ಕಾರಣವನ್ನು ತಾನೇ ಮುಚ್ಚುತ್ತಿದ್ದೇನೆ ಅನ್ನಿಸುತ್ತಿತ್ತು. ಸೇರಿಸದೆ ಬಿಡುವುದಕ್ಕೂ ಆಗಲಿಲ್ಲ.

ಹಾಲುಕ್ಕಿಸುವ ದಿನ ಚಲುವಮ್ಮ ಬೀಗರಿಬ್ಬರನ್ನೂ ಕರೆದರು. ಬೇಡವೆಂದು ಹೇಳಲು ಮಧುಕುಮಾರನಿಗೆ ದಾರಿ ಸಿಗಲಿಲ್ಲ. ಗಿಡ್ಡಪ್ಪ ಶೇವು ಮಾಡಿಸಿಕೊಂಡು, ಬಿಳಿ ಪಂಚೆ ಉಟ್ಟು, ಒಂದು ಹಣ್ಣಿನ ಬುಟ್ಟಿ ಹಿಡಿದು ಬಸ್ಸು ಹತ್ತಿದರು.

ಒಳಗೆ ಹೇಮಾಶ್ರೀ ಹಾಲುಕ್ಕಿಸಿದಳು. ಆ ಹೊತ್ತಿಗೆ ಸರಿಯಾಗಿ ಇಂದುಧರ ಅತ್ತೆ ಮಾವನನ್ನು, "ಬನ್ನಿ ಮಾವ, ಲತಾ ಕಾಯ್ತಿದಾಳೆ," ಎಂದು ಪಕ್ಕದ ಓಣಿಯಿಂದ ಹಿತ್ತಲಿಗೆ ಕರೆದುಕೊಂಡು ಹೋದ. ಲತಾಮಣಿ ಹೊಸ ಸೀರೆ ಉಟ್ಟು ತನ್ನ ಒಲೆಯ ಮುಂದೆ ನಿಂತಿದ್ದಳು. ಎರಡೂ ಕಿಟಕಿಯಿಂದ ಬೆಳಕು ಸುರಿಯುತ್ತಿತ್ತು. ಹಾಲು ಉಕ್ಕಿ ಗ್ರಾನೈಟಿನ ಮೇಲೆ ಹರಿಯಿತು. ಮುದ್ದಮ್ಮ ಸ್ಟ್ಯಾಂಡಿನಲ್ಲಿ ಜೋಡಿಸಿದ್ದ ತನ್ನ ಪಾತ್ರೆಗಳನ್ನು ಮುಟ್ಟಿ ಮುಟ್ಟಿ ನೋಡಿ, "ಎಷ್ಟು ಚೆಂದ ಮಡೀಕಂಡಿದೀಯೇ," ಎಂದು ಮಗಳ ಗಲ್ಲ ಹಿಡಿದಳು. ಚಲುವಮ್ಮ ಹೊರಗಿನ ಬಾಗಿಲ ಹತ್ತಿರ ನಿಂತು, "ನಿಮ್ಮ ಮಗ ತಂಗಿಗೆ ಅರಮನೆ ಕಟ್ಟಿಕೊಟ್ಟವ್ನೆ," ಎಂದರು.

ಗಿಡ್ಡಪ್ಪ ನಗುತ್ತಲೇ ಸುತ್ತ ನೋಡುತ್ತಿದ್ದರು. ಕಿಟಕಿ ನೋಡಿದರು, ಫ್ಯಾನು ನೋಡಿದರು. ಮನೆಯ ಕಡೆಗಿದ್ದ ಗೋಡೆಯ ಹತ್ತಿರ ಹೋಗಿ ನಿಂತರು. ಆಚೆಯಿಂದ ಹೇಮಾಶ್ರೀಯ ನೆಂಟರ ನಗು, ಬಳೆ ಸದ್ದು ಕೇಳುತ್ತಿತ್ತು. ಮೊಮ್ಮಗಳು ಆಚೆ ಕಡೆಯಿಂದ "ಅಮ್ಮಾ" ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ಮನೆ ಸುತ್ತಿಕೊಂಡು ಏದುಸಿರು ಬಿಡುತ್ತ ಓಡಿ ಬಂದಳು.

ಗಿಡ್ಡಪ್ಪ ಮಗುವನ್ನು ನೋಡಿದರು. ಗೋಡೆಯನ್ನು ನೋಡಿದರು. ಒಂದು ಕೈಯನ್ನು ಅದರ ಮೇಲಿಟ್ಟು, ಹಸಿ ಆರಿದೆಯೇ ಎಂದು ನೋಡುವವರಂತೆ ಸವರಿದರು.

"ಮಧು, ಈ ಪ್ಲಾನು ನೀನೇ ಬರ್ದಿದ್ದಾ?"

"ಹೂಂ ಅಪ್ಪ."

ಅಪ್ಪನ ಮುಖದ ನಗು ಮಾತ್ರ ಇಳಿಯದೆ ಹಾಗೇ ಉಳಿದಿತ್ತು, ಅದನ್ನು ನೋಡಲಾಗದೆ ಮಧುಕುಮಾರ್ ಕಿಟಕಿಯ ಚಿಲಕ ಸರಿಯಿದೆಯೇ ಎಂದು ಪರೀಕ್ಷಿಸತೊಡಗಿದ. ಲತಾಮಣಿ ತಟ್ಟೆ ಇಟ್ಟಳು. ಗಿಡ್ಡಪ್ಪ ಕೂತು ಉಂಡರು. ಎರಡು ಸಲ ಸಾರು ಹಾಕಿಸಿಕೊಂಡರು. "ನಿಮ್ಮವ್ವಂಗಿಂತ ಚೆನ್ನಾಗಿ ಮಾಡ್ತೀಯ ಕಣೇ," ಎಂದರು. ಹೊರಡುವಾಗ ಚಲುವಮ್ಮನಿಗೆ ಕೈಮುಗಿದು, "ಬತ್ತೀವಿ ತಾಯಿ," ಎಂದರು.

ಬಸ್‌ಸ್ಟಾಪಿನಲ್ಲಿ ಮುದ್ದಮ್ಮ ಕಲ್ಲುಬೆಂಚಿನ ಮೇಲೆ ಕೂತು, ಮೊಮ್ಮಗಳು ಎಷ್ಟು ಉದ್ದ ಆಗಿದ್ದಾಳೆ ಎಂದು ಒಂದೇ ಸಮನೆ ಮಾತಾಡುತ್ತಿದ್ದಳು. ಅಪ್ಪ ಮಗ ಸ್ವಲ್ಪ ದೂರದಲ್ಲಿ ನಿಂತಿದ್ದರು. ಹಾಸನದ ಕಡೆಯಿಂದ ಬಂದ ಒಂದು ಬಸ್ಸು ತುಂಬಿತ್ತು, ನಿಲ್ಲಿಸದೆ ಹೋಯಿತು. ಅಪ್ಪ ಈಗ ಕೇಳುತ್ತಾರೆ, ಬೈಯುತ್ತಾರೆ, ಬೈದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಮಧುಕುಮಾರ್ ಕಾದ.

"ಮಗಾ," ಎಂದರು ಗಿಡ್ಡಪ್ಪ ರಸ್ತೆಯನ್ನೇ ನೋಡುತ್ತ.

"ಏನಪ್ಪ?"

"ಸಿಂಕು ಒಂಚೂರು ಎತ್ರ ಆಯ್ತು ಕಣೋ. ಅವಳು ಕುಳ್ಳಿ. ಪಾತ್ರೆ ತೊಳೀವಾಗ ಹೆಗಲು ನೋಯುತ್ತೆ."

"ಇಳಿಸೋಕಾಗಲ್ಲ ಅಪ್ಪ ಈಗ. ನಿಲ್ಲೋ ಕಡೆ ಒಂದು ಹಲಗೆ ಹಾಕಿಸ್ತೀನಿ."

"ಹಾಕ್ಸು," ಎಂದರು ಗಿಡ್ಡಪ್ಪ. "ಜಾರದಂಗೆ ಹಾಕ್ಸು."

ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು. ಅವರು ಮುದ್ದಮ್ಮನ ಕೈಹಿಡಿದು ಹತ್ತಿಸಿ, ತಾವೂ ಹತ್ತಿ, ಜನರ ನಡುವೆ ಕಂಬಿ ಹಿಡಿದು ನಿಂತರು.